ಮರುವಾಯಿಯಲ್ಲಿ ವಿಷ ಇದೆಯಾ? ಲ್ಯಾಬ್ ಪರೀಕ್ಷೆಗಳಲ್ಲಿ ಯಾವುದು ಯಾರಿಗೆ

1983ರಲ್ಲಿ ಮಂಗಳೂರಿನಿಂದ ದಕ್ಷಿಣಕ್ಕಿರುವ ಕುಂಬಳೆ ಹೊಳೆಯ ಮರುವಾಯಿ (ಕಪ್ಪೆಚಿಪ್ಪಿನೊಳಗಿನ ಜೀವಿ) ತಿಂದು ಹಲವರು ಆಸ್ಪತ್ರೆ ಸೇರಿದರು. ಒಬ್ಬ ಹುಡುಗ ತೀರಿಕೊಂಡ. ಅದಕ್ಕೆ ಎರಡು ವರ್ಷ ಮೊದಲು ತಮಿಳುನಾಡಿನ ವಯಲೂರಿನಲ್ಲಿ ಇದೇ ರೀತಿ ಮೂವರು ಸತ್ತಿದ್ದರು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಪಚ್ಚಿಲೆ (ಬಂಡೆಗೆ ಅಂಟಿ ಬೆಳೆಯುವ ಚಿಪ್ಪಿನ ಜೀವಿ) ತಿಂದು ಏಳು ಜನ ತೀರಿಕೊಂಡರು. ಇದಕ್ಕೆ ಹಳಸಿದ್ದನ್ನೇ ತಿನ್ನಬೇಕೆಂದಿಲ್ಲ. ತಾಜಾ ಮರುವಾಯಿ, ಚೆನ್ನಾಗಿ ಬೇಯಿಸಿದ ಅಡುಗೆಯಲ್ಲೂ ಹೀಗಾಗಬಹುದು.

ಈ ವಿಷ ಕೊಳೆತದ್ದರಿಂದ ಬರುವುದಲ್ಲ. ಸಮುದ್ರದ ನೀರಿನಲ್ಲಿ ಕೆಲವು ಜಾತಿಯ ಸೂಕ್ಷ್ಮ ಪಾಚಿಗಳು ವಿಷ ತಯಾರಿಸುತ್ತವೆ. ಮರುವಾಯಿ, ಪಚ್ಚಿಲೆ, ಸಿಂಪಿ ಎಲ್ಲವೂ ದಿನವಿಡೀ ನೀರನ್ನು ಸೋಸಿ ತಿನ್ನುವ ಜೀವಿಗಳು. ಪಾಚಿ ಹೊಟ್ಟೆ ಸೇರುತ್ತದೆ, ವಿಷ ಮಾಂಸದಲ್ಲಿ ಉಳಿಯುತ್ತದೆ. ಮರುವಾಯಿಗೆ ಅದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ಹುಣಸೆಹುಳಿ, ಮಸಾಲೆ ಹಾಕಿದರೆ ಸರಿಹೋಗುತ್ತದೆ ಅನ್ನುವ ಮಾತಿಗೆ ಯಾವ ಆಧಾರವೂ ಇಲ್ಲ. ಸಮುದ್ರ ಕೆಂಪಾದಾಗ ಮಾತ್ರ ಹುಷಾರಾಗಿದ್ದರೆ ಸಾಕು ಅನ್ನುವುದೂ ತಪ್ಪು. ನೀರು ತಿಳಿಯಾಗಿ ಕಂಡರೂ ವಿಷ ಇರಬಹುದು.

ಹಾಗಾಗಿ ಉಳಿದಿರುವುದು ಲ್ಯಾಬ್ ಪರೀಕ್ಷೆ ಒಂದೇ. ಆದರೆ ಲ್ಯಾಬ್‌ನಲ್ಲಿ ಒಂದಲ್ಲ, ಹಲವು ವಿಧಾನಗಳಿವೆ. ಒಂದಕ್ಕೆ ಇಲಿ ಬೇಕು, ಇನ್ನೊಂದಕ್ಕೆ ಕೋಟಿ ರೂಪಾಯಿಯ ಮಟ್ಟದ ಯಂತ್ರ ಬೇಕು, ಮತ್ತೊಂದು ಅಂಗೈಯಲ್ಲಿ ಹಿಡಿಯುವ ಪಟ್ಟಿ. ಕರಾವಳಿಯಲ್ಲಿ ಪಚ್ಚಿಲೆ ಬೆಳೆಸುವ ಸಂಘಗಳು, ಮೀನು ಸಂಸ್ಕರಣೆ ಮಾಡುವವರು, ಆಹಾರ ಪರೀಕ್ಷೆಯ ಲ್ಯಾಬ್ ಕಟ್ಟಬೇಕೆಂದಿರುವವರು, ಮೀನುಗಾರಿಕೆ ಓದುತ್ತಿರುವ ಹುಡುಗರು ಹುಡುಗಿಯರು, ಇವರೆಲ್ಲರಿಗೂ ಉಪಯೋಗ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. "ಯಾವ ವಿಧಾನ ಎಲ್ಲಕ್ಕಿಂತ ಒಳ್ಳೆಯದು" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. "ನಮ್ಮ ನೀರಿನಲ್ಲಿ ಯಾವ ವಿಷ ಬರುತ್ತದೆ ಅನ್ನುವುದು ನಮಗೆ ಗೊತ್ತಿದೆಯಾ" ಎಂದು ಕೇಳಿದರೆ ದಾರಿ ಕಾಣುತ್ತದೆ.

ಮೊದಲು ವಿಷಗಳ ಗುಂಪು

ಸ್ಯಾಕ್ಸಿಟಾಕ್ಸಿನ್ ಗುಂಪು ಎಲ್ಲಕ್ಕಿಂತ ಅಪಾಯದ್ದು. ತಿಂದ ಸ್ವಲ್ಪ ಹೊತ್ತಿಗೇ ತುಟಿ, ನಾಲಿಗೆ ಜುಮ್ಮೆನ್ನುತ್ತದೆ. ಜಾಸ್ತಿ ಸೇರಿದ್ದರೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಇದಕ್ಕೆ ಮದ್ದಿಲ್ಲ. ವಿಷ ಇಳಿಯುವವರೆಗೆ ಉಸಿರಾಟಕ್ಕೆ ಆಸರೆ ಕೊಡಬೇಕು, ಅಷ್ಟೇ. ಸ್ಯಾಕ್ಸಿಟಾಕ್ಸಿನ್ ಎನ್ನುವುದು ಒಂದೇ ವಸ್ತು ಅಲ್ಲ, 50ಕ್ಕೂ ಹೆಚ್ಚು ಅಣ್ಣತಮ್ಮಂದಿರಿರುವ ಕುಟುಂಬ. ಕೆಲವು ಅತಿ ಉಗ್ರ, ಕೆಲವು ಬಹಳ ಸೌಮ್ಯ. ಇದನ್ನು ನೆನಪಿಡಿ, ಮುಂದೆ ಎಲ್ಲ ತಕರಾರೂ ಇಲ್ಲಿಂದಲೇ ಶುರುವಾಗುತ್ತದೆ.

ಓಕಡಾಯಿಕ್ ಆಮ್ಲದ ಗುಂಪು ವಾಂತಿ ಭೇದಿ ತರುತ್ತದೆ. ಕೊಬ್ಬಿನಲ್ಲಿ ಕರಗುವ ವಿಷ ಇದು. ಅಜಾಸ್ಪಿರಾಸಿಡ್, ಯೆಸ್ಸೋಟಾಕ್ಸಿನ್ ಕೂಡ ಕೊಬ್ಬಿನಲ್ಲಿ ಕರಗುವ ಇದೇ ಸಾಲಿಗೆ ಬರುವಂಥವು. ಡೊಮೋಯಿಕ್ ಆಮ್ಲ ಮೆದುಳಿಗೆ ಹೋಗುತ್ತದೆ, ಬದುಕಿದವರಲ್ಲೂ ನೆನಪಿನ ಶಕ್ತಿಯನ್ನು ಕೆಡಿಸಬಲ್ಲದು. ಬ್ರೆವೆಟಾಕ್ಸಿನ್ ಮುಖ್ಯವಾಗಿ ಫ್ಲೋರಿಡಾ, ಮೆಕ್ಸಿಕೋ ಕೊಲ್ಲಿಯ ಕಡೆಯ ತೊಂದರೆ.

ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಒಂದು ಕಿಲೋ ಮಾಂಸದಲ್ಲಿ ಸ್ಯಾಕ್ಸಿಟಾಕ್ಸಿನ್ ಗುಂಪು 0.8 ಮಿಲಿಗ್ರಾಂ ದಾಟಬಾರದು. ಓಕಡಾಯಿಕ್ ಆಮ್ಲದ ಗುಂಪು 0.16, ಅಜಾಸ್ಪಿರಾಸಿಡ್ 0.16, ಡೊಮೋಯಿಕ್ ಆಮ್ಲ 20 ಮಿಲಿಗ್ರಾಂ. ಡೊಮೋಯಿಕ್ ಆಮ್ಲವನ್ನು ಅಳೆಯುವುದು ಸುಲಭ ಆಗುವುದಕ್ಕೆ ಒಂದು ಕಾರಣ ಇಲ್ಲೇ ಇದೆ. ಅದರ ಮಿತಿಯೇ ಅಷ್ಟು ದೊಡ್ಡದು.

ಇಲಿ ಪರೀಕ್ಷೆ

ಎಲ್ಲಕ್ಕಿಂತ ಹಳೆಯದು ಇದು. 1937ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೊಮ್ಮರ್ ಮತ್ತು ಮೇಯರ್ ಎಂಬ ಇಬ್ಬರು ಇದಕ್ಕೆ ಅಡಿಪಾಯ ಹಾಕಿದರು. ಮಾಡುವ ಕ್ರಮ ಹೀಗೆ. ಚಿಪ್ಪಿನಿಂದ ಬಿಡಿಸಿದ ಮಾಂಸವನ್ನು ನುಣ್ಣಗೆ ರುಬ್ಬಬೇಕು. 100 ಗ್ರಾಂ ತೆಗೆದುಕೊಂಡು ಅಷ್ಟೇ ಪ್ರಮಾಣದ ತೆಳು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಬೇಕು. ಪಿಎಚ್ 4ಕ್ಕಿಂತ ಕೆಳಗಿದೆಯಾ ನೋಡಬೇಕು. ಐದು ನಿಮಿಷ ಮೆಲ್ಲಗೆ ಕುದಿಸಬೇಕು. ಆರಿದ ಮೇಲೆ ಮತ್ತೆ ಪಿಎಚ್ ನೋಡಿ, ತಿಳಿಯನ್ನು ಬೇರ್ಪಡಿಸಬೇಕು. ಸುಮಾರು 20 ಗ್ರಾಂ ತೂಗುವ ಬಿಳಿ ಇಲಿಯ ಹೊಟ್ಟೆಯೊಳಗೆ ಒಂದು ಮಿಲಿಲೀಟರ್ ಚುಚ್ಚಬೇಕು. ಆಮೇಲೆ ಸ್ಟಾಪ್‌ವಾಚ್ ಹಿಡಿದು ಕೂರಬೇಕು. ಚುಚ್ಚಿದ ಕ್ಷಣದಿಂದ ಕೊನೆಯ ಉಸಿರಿನವರೆಗೆ ಎಷ್ಟು ಹೊತ್ತು ಎಂದು ಬರೆದುಕೊಳ್ಳಬೇಕು. ಐದರಿಂದ ಏಳು ನಿಮಿಷದೊಳಗೆ ಸಾಯುವ ಹಾಗೆ ದ್ರಾವಣವನ್ನು ತೆಳು ಮಾಡಿಕೊಂಡರೆ ಲೆಕ್ಕ ನಿಖರವಾಗಿ ಬರುತ್ತದೆ. ಆ ಹೊತ್ತನ್ನು ಕೋಷ್ಟಕದಲ್ಲಿ ನೋಡಿದರೆ ವಿಷದ ಪ್ರಮಾಣ ಸಿಗುತ್ತದೆ. ಇಲಿಯ ತೂಕ ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಅದಕ್ಕೂ ತಿದ್ದುಪಡಿ ಇದೆ.

ಓದುವಾಗಲೇ ಸಂಕಟ ಆಗುತ್ತದೆ ಅಲ್ವಾ? ಮಾಡುವವರಿಗೂ ಆಗುತ್ತದೆ. ಯೂರೋಪ್ ಈ ಪರೀಕ್ಷೆಯನ್ನು ಬಿಟ್ಟದ್ದಕ್ಕೆ ಪ್ರಾಣಿಗಳ ಮೇಲಿನ ಕಾಳಜಿ ಒಂದು ದೊಡ್ಡ ಕಾರಣ. ಆದರೆ ಅದೊಂದೇ ಅಲ್ಲ. ಈ ಪರೀಕ್ಷೆಗೆ ಕಾಣುವ ಕನಿಷ್ಠ ಮಟ್ಟ ಕಿಲೋಗೆ ಸುಮಾರು 400 ಮೈಕ್ರೋಗ್ರಾಂ. ಕಾನೂನಿನ ಮಿತಿ 800. ಅಂದರೆ ಮಿತಿಯ ಅರ್ಧಕ್ಕೆ ಬರುವವರೆಗೂ ಇಲಿ ಏನೂ ಹೇಳುವುದಿಲ್ಲ. ವಿಷ ಏರುತ್ತಾ ಬರುತ್ತಿದೆಯಾ ಎಂದು ಮುಂಚೆಯೇ ತಿಳಿಯಬೇಕಾದವರಿಗೆ ಇದು ದೊಡ್ಡ ಕೊರತೆ. ಉಪ್ಪಿನಂಶ ಜಾಸ್ತಿ ಇದ್ದರೆ ವಿಷದ ಪರಿಣಾಮ ಕಮ್ಮಿಯಾಗಿ ಕಾಣುತ್ತದೆ. ಒಂದೇ ಮಾದರಿಗೆ ಎರಡು ಸಲ ಮಾಡಿದರೆ ಒಂದೇ ಅಂಕಿ ಬರುವುದೂ ಕಷ್ಟ.

ಓಕಡಾಯಿಕ್ ಆಮ್ಲಕ್ಕೆ ಇಲಿ ಇನ್ನೂ ಕೆಟ್ಟ ಸಾಕ್ಷಿ. 1978ರಲ್ಲಿ ಜಪಾನಿನ ಯಸುಮೋಟೋ ತಂದ ವಿಧಾನದಲ್ಲಿ ಇಲಿಯನ್ನು 24 ಗಂಟೆ ಗಮನಿಸಬೇಕು. ಮೂರರಲ್ಲಿ ಎರಡು ಸತ್ತರೆ ಮಾಲು ಬೇಡ ಎಂದು ತೀರ್ಮಾನ. ಆದರೆ ಮಾಂಸದಲ್ಲಿರುವ ಮಾಮೂಲಿ ಕೊಬ್ಬಿನ ಆಮ್ಲಗಳಿಂದಲೂ ಇಲಿ ಸಾಯಬಹುದು. ಯೆಸ್ಸೋಟಾಕ್ಸಿನ್‌ನಿಂದಲೂ ಸಾಯುತ್ತದೆ, ಅದು ಮನುಷ್ಯರಿಗೆ ತೊಂದರೆ ಕೊಟ್ಟ ಉದಾಹರಣೆ ಇಲ್ಲದಿದ್ದರೂ. ರೈತ ಬೆಳೆಸಿದ ಒಳ್ಳೆಯ ಪಚ್ಚಿಲೆ ಸುಮ್ನೆ ಹಾಳಾಗುತ್ತದೆ. ಯೂರೋಪ್ 2011ರಲ್ಲಿ ಈ ಗುಂಪಿಗೆ ಎಲ್‌ಸಿ-ಎಂಎಸ್/ಎಂಎಸ್ (ವಸ್ತುಗಳನ್ನು ಬೇರ್ಪಡಿಸಿ, ಅಣುಗಳ ತೂಕದಿಂದ ಗುರುತಿಸುವ ಯಂತ್ರ) ಅನ್ನು ಮುಖ್ಯ ವಿಧಾನ ಮಾಡಿತು. 2015ರಿಂದ ದಿನನಿತ್ಯದ ಪರೀಕ್ಷೆಗೆ ಇಲಿ ಬೇಡ ಎಂದಿತು. ಸ್ಯಾಕ್ಸಿಟಾಕ್ಸಿನ್‌ಗೂ 2019ರಿಂದ ಅದೇ ಮಾತು. ಆದರೆ ಅಮೆರಿಕದ ಚಿಪ್ಪುಮೀನು ಸುರಕ್ಷತೆಯ ವ್ಯವಸ್ಥೆಯಲ್ಲಿ ಸ್ಯಾಕ್ಸಿಟಾಕ್ಸಿನ್‌ಗೆ ಇಲಿ ಪರೀಕ್ಷೆಗೆ ಇನ್ನೂ ಮಾನ್ಯತೆ ಉಳಿದಿದೆ.

ಇಷ್ಟೆಲ್ಲ ಹೇಳಿದ ಮೇಲೂ ಇಲಿಯ ಪರವಾಗಿ ಒಂದು ಮಾತು ಹೇಳಲೇಬೇಕು. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಮೂವರು ಸತ್ತರು. ವೈದ್ಯರಿಗೆ ಏನೆಂದು ತಿಳಿಯಲಿಲ್ಲ. ಗೊತ್ತಿದ್ದ ಯಾವ ವಿಷದ ಲಕ್ಷಣಕ್ಕೂ ಅದು ಹೊಂದುತ್ತಿರಲಿಲ್ಲ. ಪಚ್ಚಿಲೆಯ ರಸವನ್ನು ಇಲಿಗೆ ಚುಚ್ಚಿದಾಗ ಇಲಿ ಹಿಂಗಾಲಿನಿಂದ ಭುಜವನ್ನು ಒಂದೇ ಸಮನೆ ಕೆರೆದುಕೊಳ್ಳಲು ಶುರುಮಾಡಿತು. ಅದು ಸ್ಯಾಕ್ಸಿಟಾಕ್ಸಿನ್‌ನ ಲಕ್ಷಣ ಅಲ್ಲವೇ ಅಲ್ಲ. ಹ್ಯಾಲಿಫ್ಯಾಕ್ಸ್‌ನ ರಸಾಯನ ತಜ್ಞರು ರಸವನ್ನು ಭಾಗ ಭಾಗ ಮಾಡಿ, ಯಾವ ಭಾಗಕ್ಕೆ ಇಲಿ ಹಾಗೆ ಆಡುತ್ತದೆ ಎಂದು ಹಿಂಬಾಲಿಸಿಕೊಂಡು ಹೋದರು. ಕೆಲವೇ ದಿನಗಳಲ್ಲಿ ಡೊಮೋಯಿಕ್ ಆಮ್ಲ ಸಿಕ್ಕಿತು. ಅದಕ್ಕಿಂತ ಮೊದಲು ಚಿಪ್ಪಿನ ಜೀವಿಗಳಲ್ಲಿ ಅದನ್ನು ಹುಡುಕಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಯಂತ್ರ ನೀವು ಹೇಳಿದ್ದನ್ನು ಮಾತ್ರ ಹುಡುಕುತ್ತದೆ. ಇಲಿ ನೀವು ಕೇಳದೆ ಇದ್ದದ್ದನ್ನೂ ತೋರಿಸುತ್ತದೆ.

1995ರಲ್ಲಿ ಇದೇ ಮತ್ತೊಮ್ಮೆ ಆಯಿತು. ಐರ್ಲೆಂಡಿನ ಕಿಲರಿ ಹಾರ್ಬರ್‌ನ ಪಚ್ಚಿಲೆ ತಿಂದ ನೆದರ್ಲೆಂಡ್ಸ್‌ನ ಜನ ಕಾಯಿಲೆ ಬಿದ್ದರು. ಲಕ್ಷಣ ನೋಡಿದರೆ ಓಕಡಾಯಿಕ್ ಆಮ್ಲದ ಹಾಗಿತ್ತು, ಅಳೆದರೆ ಅದು ತೀರಾ ಕಮ್ಮಿ. ಇಲಿಗಳಲ್ಲಿ ಕಂಡ ಲಕ್ಷಣವೂ ಬೇರೆ. ಕೊನೆಗೆ ಸಿಕ್ಕಿದ್ದು ಅಜಾಸ್ಪಿರಾಸಿಡ್ ಎಂಬ ಹೊಸ ಗುಂಪು.

ಆದ್ದರಿಂದ ನನ್ನ ನಿಲುವು ಇದು: ದಿನನಿತ್ಯದ ಪರೀಕ್ಷೆಗೆ ಇಲಿ ಬೇಡ. ಜನ ಕಾಯಿಲೆ ಬಿದ್ದು, ಯಾವ ಯಂತ್ರಕ್ಕೂ ಕಾರಣ ಸಿಗದಿದ್ದಾಗ ಮಾತ್ರ, ಅನುಮತಿ ಇರುವ ದೊಡ್ಡ ಸಂಸ್ಥೆಯಲ್ಲಿ ಆ ದಾರಿ ತೆರೆದಿರಲಿ. ನಮ್ಮ ದೇಶದಲ್ಲಿ ಪ್ರಾಣಿ ಪ್ರಯೋಗಕ್ಕೆ ಸಿಸಿಎಸ್‌ಇಎ (ಪ್ರಾಣಿ ಪ್ರಯೋಗಗಳನ್ನು ನಿಯಂತ್ರಿಸುವ ಕೇಂದ್ರ ಸಮಿತಿ) ನೋಂದಣಿ, ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಣ್ಣ ಲ್ಯಾಬ್ ಇದಕ್ಕೆ ಕೈ ಹಾಕುವುದರಲ್ಲಿ ಅರ್ಥವಿಲ್ಲ.

ಎಚ್‌ಪಿಎಲ್‌ಸಿ: ಲಾರೆನ್ಸ್ ವಿಧಾನವೋ, ಕಾಲಂ ನಂತರದ ವಿಧಾನವೋ

ಎಚ್‌ಪಿಎಲ್‌ಸಿ ಎಂದರೆ ದ್ರಾವಣವನ್ನು ಕಾಲಂ ಎಂಬ ಕೊಳವೆಯ ಮೂಲಕ ಒತ್ತಡದಲ್ಲಿ ಹರಿಸಿ, ಅದರಲ್ಲಿರುವ ವಸ್ತುಗಳನ್ನು ಬೇರ್ಪಡಿಸುವ ಯಂತ್ರ. ಸ್ಯಾಕ್ಸಿಟಾಕ್ಸಿನ್ ತಾನಾಗಿ ಹೊಳೆಯುವುದಿಲ್ಲ. ಅತಿನೇರಳೆ ಬೆಳಕಿನಲ್ಲೂ ಸರಿಯಾಗಿ ಕಾಣುವುದಿಲ್ಲ. ಆದರೆ ಅದನ್ನು ಆಕ್ಸಿಡೀಕರಿಸಿದರೆ ಹೊಳೆಯುವ ವಸ್ತುವಾಗುತ್ತದೆ, ಆ ಹೊಳಪನ್ನು ಅಳೆಯುವ ಫ್ಲೋರೆಸೆನ್ಸ್ ಡಿಟೆಕ್ಟರ್‌ಗೆ ಸಿಗುತ್ತದೆ. ಈ ಕೆಲಸವನ್ನು ಕಾಲಂಗೆ ಹೋಗುವ ಮೊದಲು ಮಾಡುವುದೋ, ಕಾಲಂ ದಾಟಿದ ಮೇಲೆ ಮಾಡುವುದೋ ಎನ್ನುವುದೇ ಎರಡು ವಿಧಾನಗಳ ವ್ಯತ್ಯಾಸ.

ಮೊದಲೇ ಮಾಡುವುದು ಲಾರೆನ್ಸ್ ವಿಧಾನ, ಎಒಎಸಿ (ಪರೀಕ್ಷಾ ವಿಧಾನಗಳಿಗೆ ಮಾನ್ಯತೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ) ಕೊಟ್ಟ ಸಂಖ್ಯೆ 2005.06. ಯೂರೋಪ್ ಒಪ್ಪಿಕೊಂಡ ಮುಖ್ಯ ವಿಧಾನ ಇದು. ಕೇವಲ ಐದು ಗ್ರಾಂ ರುಬ್ಬಿದ ಮಾಂಸ ಸಾಕು. ತೆಳು ಅಸಿಟಿಕ್ ಆಮ್ಲದಲ್ಲಿ ಬಿಸಿ ಮಾಡಿ ವಿಷವನ್ನು ಎಳೆದು, ಸಿ18 ಕಾರ್ಟ್ರಿಜ್‌ನಲ್ಲಿ ಶುದ್ಧ ಮಾಡಿ, ಪೆರಾಕ್ಸೈಡ್ ಅಥವಾ ಪಿರಿಯೋಡೇಟ್ ಹಾಕಿ ಒಂದೆರಡು ನಿಮಿಷ ಬಿಟ್ಟು, ಆಮ್ಲ ಹಾಕಿ ನಿಲ್ಲಿಸುತ್ತಾರೆ. ಒಳ್ಳೆಯದೇನೆಂದರೆ ಮಾಮೂಲಿ ಎಚ್‌ಪಿಎಲ್‌ಸಿ ಮತ್ತು ಫ್ಲೋರೆಸೆನ್ಸ್ ಡಿಟೆಕ್ಟರ್ ಇದ್ದರೆ ಆಯಿತು. ಬಹಳ ಕಮ್ಮಿ ವಿಷವನ್ನೂ ಹಿಡಿಯುತ್ತದೆ. ಮೊದಲು ಪಿರಿಯೋಡೇಟ್ ಹಾಕಿ ಒಂದು ಸುತ್ತು ಸೋಸು ಪರೀಕ್ಷೆ ಮಾಡಿ, ಏನೂ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ವರ್ಷದ ಬಹುಪಾಲು ಮಾದರಿಗಳು ಖಾಲಿಯೇ ಇರುವ ಕಡೆ ಇದರಿಂದ ತುಂಬಾ ಸಮಯ ಉಳಿಯುತ್ತದೆ.

ಕಷ್ಟ ಶುರುವಾಗುವುದು ವಿಷ ಸಿಕ್ಕಾಗ. ಕೆಲವು ವಿಷಗಳಿಗೆ ಪೆರಾಕ್ಸೈಡ್ ಬೇಕು, ಕೆಲವಕ್ಕೆ ಪಿರಿಯೋಡೇಟ್. ಸ್ಯಾಕ್ಸಿಟಾಕ್ಸಿನ್ ಕುಟುಂಬದ್ದೇ ಆದ ಉಗ್ರ ನಿಯೋಸ್ಯಾಕ್ಸಿಟಾಕ್ಸಿನ್ ಮತ್ತು ಜಿಟಿಎಕ್ಸ್ (ಗೋನಿಯಾಟಾಕ್ಸಿನ್) 1, 4 ಇದ್ದರೆ ರಸವನ್ನು ಇನ್ನೊಂದು ಕಾರ್ಟ್ರಿಜ್‌ನಲ್ಲಿ ಮೂರು ಭಾಗ ಮಾಡಿ ಪ್ರತಿಯೊಂದನ್ನೂ ಬೇರೆಯಾಗಿ ಓಡಿಸಬೇಕು. ಜೊತೆಗೆ ಜಿಟಿಎಕ್ಸ್ 2 ಮತ್ತು 3, ಜಿಟಿಎಕ್ಸ್ 1 ಮತ್ತು 4 ಇಂಥ ಜೋಡಿಗಳು ಆಕ್ಸಿಡೀಕರಣದ ನಂತರ ಒಂದೇ ವಸ್ತುವಾಗಿಬಿಡುತ್ತವೆ. ಯಾವುದು ಎಷ್ಟಿತ್ತು ಎಂದು ಬೇರ್ಪಡಿಸಲು ಆಗುವುದಿಲ್ಲ. ಜೋಡಿಯಲ್ಲಿ ಯಾವುದು ಉಗ್ರವೋ ಅದರ ಲೆಕ್ಕ ಹಿಡಿಯುತ್ತಾರೆ. ತಿನ್ನುವವರಿಗೆ ಇದರಿಂದ ರಕ್ಷಣೆ ಜಾಸ್ತಿ. ಬೆಳೆದವರಿಗೆ ಸ್ವಲ್ಪ ನಷ್ಟ.

ಒಂದು ಸಣ್ಣ ವಿಷಯಕ್ಕೆ ಗಮನ ಕೊಡಿ. ಚಿಪ್ಪಿನ ಮಾಂಸದಲ್ಲೇ ತಾನಾಗಿ ಹೊಳೆಯುವ ವಸ್ತುಗಳಿರುತ್ತವೆ. ಅವು ಕೆಲವೊಮ್ಮೆ ಯಂತ್ರದ ಗ್ರಾಫಿನಲ್ಲಿ ವಿಷ ಬರುವ ಜಾಗದಲ್ಲೇ ಶಿಖರ ಏರಿಸುತ್ತವೆ. ಅದಕ್ಕಾಗಿ ಆಕ್ಸಿಡೀಕರಿಸದ ಅದೇ ಮಾದರಿಯನ್ನು ಒಮ್ಮೆ ಓಡಿಸಿ, ಶಿಖರ ಅಲ್ಲೂ ಇದೆಯಾ ನೋಡಬೇಕು. ಇದ್ದರೆ ಅದು ವಿಷ ಅಲ್ಲ. ಕೆಲಸದ ಒತ್ತಡದಲ್ಲಿ ಈ ಓಟವನ್ನು ಬಿಟ್ಟುಬಿಡುವ ಆಸೆ ಬರುತ್ತದೆ. ಬಿಡಬೇಡಿ.

ಕಾಲಂ ನಂತರ ಆಕ್ಸಿಡೀಕರಿಸುವ ವಿಧಾನ ಎಒಎಸಿ 2011.02. ಕೆನಡಾದಲ್ಲಿ ಬೆಳೆದದ್ದು. ಇಲ್ಲಿ ವಿಷಗಳು ಮೊದಲು ಕಾಲಂನಲ್ಲಿ ಒಂದೊಂದಾಗಿ ಬೇರ್ಪಡುತ್ತವೆ, ಆಮೇಲೆ ಬಿಸಿ ಸುರುಳಿಯಲ್ಲಿ ರಾಸಾಯನಿಕ ಬೆರೆತು ಹೊಳೆಯುತ್ತವೆ. ಆದ್ದರಿಂದ ಜೋಡಿಗಳೂ ಬೇರೆಬೇರೆಯಾಗಿ ಕಾಣುತ್ತವೆ, ಲೆಕ್ಕ ಸ್ಪಷ್ಟ. ಮಾದರಿ ತಯಾರಿಯೂ ಸುಲಭ: ಆಮ್ಲದಲ್ಲಿ ಕುದಿಸಿ, ಪ್ರೋಟೀನ್ ಇಳಿಸಿ, ಸೋಸಿ ಹಾಕುವುದು. ತೊಂದರೆ ಯಂತ್ರದ ಕಡೆಗಿದೆ. ಹೆಚ್ಚುವರಿ ಪಂಪುಗಳು, ಸುರುಳಿ, ಓವನ್, ಎಲ್ಲವೂ ಸರಿಯಾಗಿ ನಡೆಯಬೇಕು. ಇದೇ ಕುಟುಂಬದ 'ಸಿ' ಎಂಬ ಹೆಸರಿನ ವಿಷಗಳಿಗೆ ಬೇರೆ ಕಾಲಂ, ಬೇರೆ ಓಟ ಬೇಕು. ಯಂತ್ರದ ಜೊತೆ ದಿನವೂ ಇರುವ, ಸೋರಿಕೆ ಕಂಡರೆ ತಾನೇ ಬಿಚ್ಚಿ ಸರಿಮಾಡುವ ಒಬ್ಬರು ನಿಮ್ಮಲ್ಲಿದ್ದರೆ ಇದನ್ನು ಆರಿಸಿ. ಇಲ್ಲದಿದ್ದರೆ ಲಾರೆನ್ಸ್ ಕ್ಷೇಮ.

ಎರಡಕ್ಕೂ ಒಂದು ಸಮಾನ ತಲೆನೋವಿದೆ, ಪ್ರಮಾಣೀಕೃತ ಮಾನಕಗಳು, ಅಂದರೆ ಹೋಲಿಸಿ ನೋಡಲು ಬಳಸುವ, ಪ್ರಮಾಣ ಖಚಿತವಾಗಿ ಗೊತ್ತಿರುವ ವಿಷದ ದ್ರಾವಣಗಳು. ಪ್ರತಿ ವಿಷಕ್ಕೂ ಶುದ್ಧ ಮಾನಕ ಬೇಕು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿ ಇವುಗಳ ಮುಖ್ಯ ಮೂಲಗಳಲ್ಲಿ ಒಂದು. ಬೆಲೆ ಹೆಚ್ಚು, ಬರಲು ಸಮಯ ಹಿಡಿಯುತ್ತದೆ. ಅದರ ಮೇಲೆ ಸ್ಯಾಕ್ಸಿಟಾಕ್ಸಿನ್ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದ ಮೊದಲ ಪಟ್ಟಿಯಲ್ಲೇ ಇದೆ. ಹಾಗಾಗಿ ಚಿಕ್ಕ ಸೀಸೆಗೂ ಕಾಗದಪತ್ರ ಬೇಕು. ಲ್ಯಾಬ್ ಕಟ್ಟುವವರು ಯಂತ್ರಕ್ಕೆ ಆರ್ಡರ್ ಕೊಡುವ ಮೊದಲೇ ಮಾನಕಗಳ ಬಗ್ಗೆ ವಿಚಾರಿಸಿ.

ಎಲ್‌ಸಿ-ಎಂಎಸ್/ಎಂಎಸ್

ಕೊಬ್ಬಿನಲ್ಲಿ ಕರಗುವ ವಿಷಗಳಿಗೆ ಇದಕ್ಕೆ ಸಾಟಿ ಇಲ್ಲ. ಓಕಡಾಯಿಕ್, ಅಜಾಸ್ಪಿರಾಸಿಡ್, ಯೆಸ್ಸೋಟಾಕ್ಸಿನ್ ಎಲ್ಲವನ್ನೂ ಒಂದೇ ಓಟದಲ್ಲಿ ಹೆಸರು ಹಿಡಿದು ಅಳೆಯುತ್ತದೆ. ಎರಡು ಗ್ರಾಂ ಮಾಂಸವನ್ನು ಮೆಥನಾಲ್‌ನಲ್ಲಿ ಎರಡು ಸಲ ಎಳೆದರೆ ಮಾದರಿ ತಯಾರು.

ಆದರೆ ಇಲ್ಲಿ ಒಂದು ಹಂತವನ್ನು ಬಿಟ್ಟರೆ ಫಲಿತಾಂಶ ನಂಬುವ ಹಾಗಿಲ್ಲ. ಚಿಪ್ಪಿನ ಜೀವಿಗಳ ದೇಹದಲ್ಲಿ ಓಕಡಾಯಿಕ್ ಆಮ್ಲದ ಒಂದು ಭಾಗ ಕೊಬ್ಬಿನ ಆಮ್ಲದ ಜೊತೆ ಕೂಡಿಕೊಂಡು ಎಸ್ಟರ್ ರೂಪದಲ್ಲಿ ಇರುತ್ತದೆ. ಯಂತ್ರ ಅದನ್ನು ಓಕಡಾಯಿಕ್ ಎಂದು ಗುರುತಿಸುವುದಿಲ್ಲ. ಮನುಷ್ಯನ ಹೊಟ್ಟೆಯಲ್ಲಿ ಮಾತ್ರ ಅದು ಬಿಡಿಸಿಕೊಂಡು ವಿಷವಾಗುತ್ತದೆ. ಆದ್ದರಿಂದ ರಸಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 76 ಡಿಗ್ರಿಯಲ್ಲಿ 40 ನಿಮಿಷ ಇಟ್ಟು, ಆಮೇಲೆ ಆಮ್ಲದಿಂದ ಸಮ ಮಾಡಿ ಇನ್ನೊಮ್ಮೆ ಓಡಿಸಬೇಕು. ಈ ಜಲವಿಚ್ಛೇದನ ಮಾಡಿದ್ದೀರಾ ಎಂದು ಲ್ಯಾಬ್‌ನವರನ್ನು ಕೇಳಿ. "ಇಲ್ಲ" ಎಂದರೆ ಆ ವರದಿಯ "ಪತ್ತೆಯಾಗಿಲ್ಲ" ಎಂಬ ಮಾತಿಗೆ ಬೆಲೆ ಇಲ್ಲ.

ಎರಡನೆಯ ಜಾಗರೂಕತೆ: ಮಾಂಸದ ಇತರ ವಸ್ತುಗಳು ಯಂತ್ರದ ಸಂಕೇತವನ್ನು ಕುಗ್ಗಿಸಬಹುದು, ಹಿಗ್ಗಿಸಬಹುದು. ಪಚ್ಚಿಲೆಯಲ್ಲಿ ಒಂದು ರೀತಿ, ಸಿಂಪಿಯಲ್ಲಿ ಇನ್ನೊಂದು ರೀತಿ. ಯೂರೋಪಿನ ಪಚ್ಚಿಲೆಗೆ ಸರಿಪಡಿಸಿದ ವಿಧಾನವನ್ನು ನಮ್ಮ ಹೊಳೆಯ ಮರುವಾಯಿಗೆ ಹಾಗೆಯೇ ಹಾಕಬಾರದು. ವಿಷ ಇಲ್ಲದ ನಮ್ಮದೇ ಮರುವಾಯಿಯ ರಸದಲ್ಲಿ ಮಾನಕ ಬೆರೆಸಿ ಪರೀಕ್ಷಿಸಿ ನೋಡಬೇಕು. ಇದು ಬೇಸರದ ಕೆಲಸ, ಆದರೆ ಲ್ಯಾಬ್‌ನ ಯೋಗ್ಯತೆ ತಿಳಿಯುವುದು ಇಲ್ಲೇ.

ಸ್ಯಾಕ್ಸಿಟಾಕ್ಸಿನ್‌ಗೂ ಈಗ ಎಲ್‌ಸಿ-ಎಂಎಸ್/ಎಂಎಸ್ ಬಂದಿದೆ. ಕಾರ್ಬನ್ ಕಾರ್ಟ್ರಿಜ್‌ನಲ್ಲಿ ಉಪ್ಪು ತೆಗೆದು, ಹಿಲಿಕ್ ಎಂಬ ಜಾತಿಯ ಕಾಲಂನಲ್ಲಿ ಓಡಿಸುತ್ತಾರೆ. ಜೋಡಿಗಳು ಬೇರ್ಪಡುತ್ತವೆ, ಆಕ್ಸಿಡೀಕರಣದ ರಗಳೆ ಇಲ್ಲ. ಯಂತ್ರ ಈಗಾಗಲೇ ಇರುವ ಲ್ಯಾಬ್‌ಗೆ ನಾನು ಇದನ್ನೇ ಹೇಳುತ್ತೇನೆ.

ಡೊಮೋಯಿಕ್ ಆಮ್ಲಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅರ್ಧ ನೀರು ಅರ್ಧ ಮೆಥನಾಲ್‌ನಲ್ಲಿ ಎಳೆದು, ಸಾಮಾನ್ಯ ಎಚ್‌ಪಿಎಲ್‌ಸಿಯಲ್ಲಿ 242 ನ್ಯಾನೋಮೀಟರ್‌ನಲ್ಲಿ ನೋಡಿದರೆ ಸಾಕು. ಅದನ್ನು ಪತ್ತೆ ಮಾಡಲು ದಾರಿ ತೋರಿಸಿದ ಇಲಿಗೇ ಅದರ ಮಿತಿಯ ಮಟ್ಟ ಕಾಣುವುದಿಲ್ಲ. 20 ಮಿಲಿಗ್ರಾಂ ಮಿತಿಯ ಎರಡು ಪಟ್ಟು ಇದ್ದರೇ ಇಲಿ ಲಕ್ಷಣ ತೋರಿಸುವುದು.

ಎಲೈಸಾ ಮತ್ತು ಪಟ್ಟಿ ಪರೀಕ್ಷೆ

ಎರಡೂ ಪ್ರತಿಕಾಯ (ನಿರ್ದಿಷ್ಟ ಆಕಾರದ ವಸ್ತುವಿಗೆ ಅಂಟುವ ಪ್ರೋಟೀನ್) ಬಳಸಿ ವಿಷ ಹಿಡಿಯುವ ಕಿಟ್‌ಗಳು. ಎಲೈಸಾದಲ್ಲಿ ಬಣ್ಣ ನೋಡುತ್ತಾರೆ, ಪಟ್ಟಿಯಲ್ಲಿ ಗೆರೆ. ಬೆಲೆ ಕಮ್ಮಿ, ಬೇಗ ಆಗುತ್ತದೆ, ಕಲಿಯಲು ಸುಲಭ. ಪಟ್ಟಿ ಪರೀಕ್ಷೆ ಗರ್ಭ ಪರೀಕ್ಷೆಯ ಪಟ್ಟಿಯ ಹಾಗೆ ಗೆರೆ ನೋಡಿ ಹೇಳುವಂಥದ್ದು. ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಉತ್ತರ. ದೋಣಿ ದಡಕ್ಕೆ ಬಂದ ಜಾಗದಲ್ಲೇ ಮಾಡಬಹುದು. ಇದರ ಬಗ್ಗೆ ಉತ್ಸಾಹ ಬರುವುದು ಸಹಜ.

ಆದರೆ ಒಳಗೆ ನಡೆಯುವುದನ್ನು ತಿಳಿಯಬೇಕು. ಪಟ್ಟಿಯಲ್ಲಿರುವ ಪ್ರತಿಕಾಯವನ್ನು ಸಾಮಾನ್ಯವಾಗಿ ಸ್ಯಾಕ್ಸಿಟಾಕ್ಸಿನ್‌ಗೆ ತಕ್ಕ ಹಾಗೆ ತಯಾರಿಸಿರುತ್ತಾರೆ. ಅದು ಸ್ಯಾಕ್ಸಿಟಾಕ್ಸಿನ್ ಅನ್ನು ಚೆನ್ನಾಗಿ ಹಿಡಿಯುತ್ತದೆ. ನಿಯೋಸ್ಯಾಕ್ಸಿಟಾಕ್ಸಿನ್, ಜಿಟಿಎಕ್ಸ್ 1, 4 ಇವುಗಳನ್ನು ಬಹಳ ಸಲ ಸರಿಯಾಗಿ ಹಿಡಿಯುವುದಿಲ್ಲ. ಆದರೆ ಜಿಟಿಎಕ್ಸ್ 1ರ ಉಗ್ರತೆ ಸ್ಯಾಕ್ಸಿಟಾಕ್ಸಿನ್‌ನಷ್ಟೇ ಇದೆ. ನಿಮ್ಮ ನೀರಿನ ಪಾಚಿ ಮುಖ್ಯವಾಗಿ ಆ ಜಾತಿಯ ವಿಷ ಮಾಡುವುದಾದರೆ, ಪಟ್ಟಿ "ಇಲ್ಲ" ಅನ್ನುತ್ತದೆ, ಮರುವಾಯಿಯಲ್ಲಿ ವಿಷ ಇರುತ್ತದೆ. ತಿರುಗಾ, ಪ್ರತಿಕಾಯಕ್ಕೆ ಉಗ್ರತೆ ಗೊತ್ತಾಗುವುದಿಲ್ಲ, ಆಕಾರ ಮಾತ್ರ ಗೊತ್ತು. ಸೌಮ್ಯ ವಿಷವನ್ನು ಜೋರಾಗಿ ಹಿಡಿದು ಹೆದರಿಸಲೂಬಹುದು.

ಹಾಗಾದರೆ ಬೇಡವೇ? ಬೇಕು, ಖಂಡಿತ ಬೇಕು. ಆದರೆ ಕ್ರಮ ಮುಖ್ಯ. ಮೊದಲು ಒಂದೆರಡು ವರ್ಷ ದೊಡ್ಡ ಲ್ಯಾಬ್‌ನಲ್ಲಿ ಮಾದರಿಗಳನ್ನು ಪೂರ್ತಿ ಬಿಡಿಸಿ ನೋಡಿ, ನಮ್ಮ ಹೊಳೆಯಲ್ಲಿ ಯಾವ ವಿಷಗಳ ಮಿಶ್ರಣ ಬರುತ್ತದೆ ಎಂದು ತಿಳಿಯಬೇಕು. ಆಮೇಲೆ ಅದಕ್ಕೆ ಹೊಂದುವ ಕಿಟ್ ಆರಿಸಬೇಕು. ಕಿಟ್‌ನ ಜೊತೆ ಬರುವ ಕಾಗದದಲ್ಲಿ ಯಾವ ವಿಷಕ್ಕೆ ಶೇಕಡಾ ಎಷ್ಟು ಪ್ರತಿಕ್ರಿಯೆ ಎಂಬ ಕೋಷ್ಟಕ ಇರುತ್ತದೆ. ಬೆಲೆಗಿಂತ ಮೊದಲು ಅದನ್ನು ಓದಿ. ಆ ಕೋಷ್ಟಕ ಕೊಡದ ಕಿಟ್ ಕೊಳ್ಳಲೇಬೇಡಿ.

ರಿಸೆಪ್ಟರ್ ಪರೀಕ್ಷೆ

ಇಲಿಗೂ ಯಂತ್ರಕ್ಕೂ ನಡುವಿನ ದಾರಿ ಇದು. ಸ್ಯಾಕ್ಸಿಟಾಕ್ಸಿನ್ ನರಗಳ ಸೋಡಿಯಂ ದ್ವಾರಕ್ಕೆ ಅಂಟಿಕೊಂಡು ಅದನ್ನು ಮುಚ್ಚುತ್ತದೆ. ಹೆಗ್ಗಣದ ಮೆದುಳಿನಿಂದ ತೆಗೆದ ಪೊರೆಯಲ್ಲಿ ಆ ದ್ವಾರಗಳಿರುತ್ತವೆ. ವಿಕಿರಣದ ಗುರುತು ಹಾಕಿದ ಸ್ಯಾಕ್ಸಿಟಾಕ್ಸಿನ್ ಜೊತೆ ಮಾದರಿಯ ವಿಷ ಪೈಪೋಟಿಗೆ ಬೀಳುತ್ತದೆ. ಮಾದರಿಯಲ್ಲಿ ವಿಷ ಹೆಚ್ಚಿದ್ದಷ್ಟೂ ಗುರುತಿನದು ಕಮ್ಮಿ ಅಂಟುತ್ತದೆ. ಇದರಲ್ಲಿ ನನಗೆ ಬಹಳ ಇಷ್ಟವಾದದ್ದು, ಉಗ್ರ ವಿಷ ಬಿಗಿಯಾಗಿ ಅಂಟುತ್ತದೆ, ಸೌಮ್ಯ ವಿಷ ಸಡಿಲವಾಗಿ ಅಂಟುತ್ತದೆ. ಹಾಗಾಗಿ ಒಟ್ಟು ಉಗ್ರತೆಯೇ ನೇರವಾಗಿ ಸಿಗುತ್ತದೆ, ಒಂದೊಂದರ ಮಾನಕವೂ ಬೇಕಾಗಿಲ್ಲ. 96 ಗುಳಿಯ ತಟ್ಟೆಯಲ್ಲಿ ಒಮ್ಮೆಗೇ ಹಲವು ಮಾದರಿ ಮಾಡಬಹುದು. ಎಒಎಸಿ 2011.27 ಎಂದು ಮಾನ್ಯತೆ ಇದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇದನ್ನು ಹಲವು ದೇಶಗಳಿಗೆ ಕಲಿಸಿದೆ. ಕೆಂಪು ನೀರಿನ ಕಾಟ ಜಾಸ್ತಿ ಇರುವ ಫಿಲಿಪ್ಪೀನ್ಸ್ ಅವುಗಳಲ್ಲಿ ಒಂದು.

ಅಡ್ಡಿ ಎಂದರೆ ವಿಕಿರಣ. ಆ ವಿಕಿರಣ ಗುರುತಾದ ಟ್ರಿಟಿಯಂ ಬಳಸಲು ನಮ್ಮಲ್ಲಿ ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಅನುಮತಿ ಬೇಕು, ಕಸ ವಿಲೇವಾರಿಗೂ ನಿಯಮ ಇದೆ. ಅದಾಗಲೇ ವಿಕಿರಣ ಕೆಲಸ ಮಾಡುತ್ತಿರುವ ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಗೆ ಇದು ಚೆನ್ನಾಗಿ ಹೊಂದುತ್ತದೆ. ಖಾಸಗಿ ಲ್ಯಾಬ್‌ಗೆ ಹೊಂದುವುದಿಲ್ಲ.

ಓಕಡಾಯಿಕ್ ಆಮ್ಲಕ್ಕೂ ಇಂಥದ್ದೇ ಒಂದು ದಾರಿ ಇದೆ. ಅದು ಫಾಸ್ಫಟೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಎಷ್ಟು ತಡೆಯಿತು ಎಂದು ಬಣ್ಣದ ಮೇಲೆ ಅಳೆಯುವ ಕಿಟ್‌ಗಳು ಸಿಗುತ್ತವೆ. ವಿಕಿರಣ ಇಲ್ಲ, ಪ್ರಾಣಿ ಇಲ್ಲ. ಇಲ್ಲೂ ಜಲವಿಚ್ಛೇದನ ಮಾತ್ರ ಮರೆಯಬಾರದು.

ಮಾದರಿ ತೆಗೆಯುವುದು ಕೆಟ್ಟರೆ

ಯಾವ ವಿಧಾನ ಆರಿಸಿದರೂ ಇದು ಮುಖ್ಯ. ಒಂದೇ ಬಂಡೆಯ ಎರಡು ಪಚ್ಚಿಲೆಯಲ್ಲೂ ವಿಷದ ಪ್ರಮಾಣ ಬೇರೆ ಇರುತ್ತದೆ. ಆದ್ದರಿಂದ ಕನಿಷ್ಠ ಒಂದು ಡಜನ್ ಜೀವಿಗಳ ಮಾಂಸ ಸೇರಿಸಿ, 100ರಿಂದ 150 ಗ್ರಾಂ ಆಗುವಷ್ಟು ಒಟ್ಟಿಗೆ ರುಬ್ಬಬೇಕು. ನಮ್ಮ ಸಣ್ಣ ಮರುವಾಯಿಯಾದರೆ ಇನ್ನೂ ತುಂಬಾ ಬೇಕಾಗುತ್ತದೆ. ಚಿಪ್ಪು ತೆರೆಯಲು ಬಿಸಿನೀರಿಗೆ ಹಾಕಬಾರದು, ವಿಷ ನೀರಿಗೆ ಇಳಿಯುತ್ತದೆ. ಚಾಕುವಿನಿಂದ ಬಿಡಿಸಿ. ಫ್ರೀಜ್ ಆಗಿದ್ದ ಮಾದರಿ ಕರಗುವಾಗ ಸೋರುವ ನೀರನ್ನು ಚೆಲ್ಲಬೇಡಿ, ಅದರಲ್ಲೂ ವಿಷ ಇರುತ್ತದೆ. ಅದನ್ನೂ ಮಾಂಸದ ಜೊತೆಗೇ ರುಬ್ಬಿ.

ಯಾರಿಗೆ ಯಾವುದು

ರಫ್ತು ಮಾಡುವವರಿಗೆ ಆಯ್ಕೆ ಹೆಚ್ಚಿಲ್ಲ. ಕೊಳ್ಳುವ ದೇಶ ಯಾವ ವಿಧಾನ ಒಪ್ಪುತ್ತದೋ ಅದೇ. ಯೂರೋಪ್ ಆದರೆ ಲಾರೆನ್ಸ್ ಅಥವಾ ಅದಕ್ಕೆ ಸಮ ಎಂದು ಒಪ್ಪಿದ ವಿಧಾನ, ಕೊಬ್ಬಿನ ವಿಷಗಳಿಗೆ ಎಲ್‌ಸಿ-ಎಂಎಸ್/ಎಂಎಸ್. ಸ್ವಂತ ಲ್ಯಾಬ್ ಕಟ್ಟುವ ಬದಲು ಮಾನ್ಯತೆ ಇರುವ ಲ್ಯಾಬ್ ಜೊತೆ ಒಪ್ಪಂದ ಮಾಡಿಕೊಳ್ಳುವುದು ಬಹುತೇಕರಿಗೆ ಲಾಭ.

ಪಚ್ಚಿಲೆ ಬೆಳೆಸುವ ಸಂಘಕ್ಕೆ ಬೇಕಾದದ್ದು ವೇಗ. ಕೊಯ್ಲಿಗೆ ಮೊದಲು ವಾರವಾರ ಪಟ್ಟಿ ಪರೀಕ್ಷೆ, ಜೊತೆಗೆ ನೀರಿನ ಪಾಚಿಯನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು. ಸೂಕ್ಷ್ಮದರ್ಶಕವನ್ನು ಹಗುರವಾಗಿ ನೋಡಬೇಡಿ. 2008ರಲ್ಲಿ ಅಮೆರಿಕದ ಟೆಕ್ಸಾಸ್ ಕರಾವಳಿಯ ಪೋರ್ಟ್ ಅರಾನ್ಸಸ್‌ನಲ್ಲಿ ನೀರಿನ ಚಿತ್ರ ತೆಗೆಯುತ್ತಿದ್ದ ಯಂತ್ರಕ್ಕೆ ಓಕಡಾಯಿಕ್ ಆಮ್ಲ ಮಾಡುವ ಡೈನೋಫೈಸಿಸ್ ಪಾಚಿ ಕಂಡಿತು. ಸಿಂಪಿ ಹಬ್ಬ ಹತ್ತಿರದಲ್ಲಿತ್ತು. ಕೊಯ್ಲು ನಿಲ್ಲಿಸಿದರು. ಯಾರೂ ಕಾಯಿಲೆ ಬೀಳಲಿಲ್ಲ. ಪಟ್ಟಿ "ಇದೆ" ಎಂದರೆ ಕೊಯ್ಲು ನಿಲ್ಲಿಸಿ ಮಾದರಿಯನ್ನು ದೊಡ್ಡ ಲ್ಯಾಬ್‌ಗೆ ಕಳಿಸಿ. ಪಟ್ಟಿ "ಇಲ್ಲ" ಎಂದು, ನೀರಿನಲ್ಲಿ ಸ್ಯಾಕ್ಸಿಟಾಕ್ಸಿನ್ ಮಾಡುವ ಅಲೆಕ್ಸಾಂಡ್ರಿಯಂ ಜಾತಿಯ ಪಾಚಿ ಕಂಡರೆ ಆಗಲೂ ಕಳಿಸಿ.

ಸರ್ಕಾರದ ಮೀನುಗಾರಿಕೆ ಅಥವಾ ಆಹಾರ ಸುರಕ್ಷತೆಯ ಕಡೆಯವರಿಗೆ ನನ್ನ ಒತ್ತಾಯ ಬೇರೆ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಬೆಳಚು (ಮರುವಾಯಿಗೆ ಅಲ್ಲಿನ ಹೆಸರು) ಆರಿಸಿ ಬದುಕುವವರು ಬಹಳ ಜನ. 2024ರಲ್ಲಿ ಆ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್‌ಸಾರ್ ಪಟ್ಟಿ ಸೇರಿತು. ಅಲ್ಲಿನ ಬೆಳಚು ರಫ್ತು ಲ್ಯಾಬ್‌ನ ಮೂಲಕ ಹಾದುಹೋಗುವುದಿಲ್ಲ. ಬುಟ್ಟಿಯಿಂದ ನೇರ ಸಂತೆಗೆ, ಸಂತೆಯಿಂದ ಅಡುಗೆಮನೆಗೆ. ಕುಂಬಳೆಯಲ್ಲಿ ಆದದ್ದೂ ಹೀಗೆ ಮನೆಗೆ ಹೋದ ಮರುವಾಯಿಯಿಂದಲೇ. ಇಲ್ಲಿಗೆ ಬೇಕಾದದ್ದು ದುಬಾರಿ ಯಂತ್ರ ಪ್ರತಿ ತಾಲ್ಲೂಕಿಗೂ ಅಲ್ಲ. ಕರಾವಳಿಗೆ ಒಂದು ಎಲ್‌ಸಿ-ಎಂಎಸ್/ಎಂಎಸ್ ಕೇಂದ್ರ, ಅಳಿವೆಗಳಿಂದ ನಿಯಮಿತವಾಗಿ ಅಲ್ಲಿಗೆ ಬರುವ ಮಾದರಿಗಳು, ಉತ್ತರ ವಾರ ಕಳೆದು ಬರದೆ ಒಂದೆರಡು ದಿನದಲ್ಲಿ ಬರುವ ವ್ಯವಸ್ಥೆ. ವಿಷ ಕೆಲವೇ ದಿನಗಳಲ್ಲಿ ಏರುತ್ತದೆ. ಆರಿಸುವವರ ಫೋನಿಗೆ ಅಷ್ಟರೊಳಗೆ ಸುದ್ದಿ ತಲುಪದಿದ್ದರೆ ಎಷ್ಟೇ ನಿಖರ ಅಂಕಿ ಬಂದರೂ ಉಪಯೋಗವಿಲ್ಲ.

ವರದಿ ಕೈಗೆ ಬಂದಾಗ ನೋಡಬೇಕಾದದ್ದು

ಮೊದಲು ಅಳತೆಯ ಘಟಕ (ಯೂನಿಟ್) ನೋಡಿ. 100 ಗ್ರಾಂಗೆ 80 ಮೈಕ್ರೋಗ್ರಾಂ, ಕಿಲೋಗೆ 800 ಮೈಕ್ರೋಗ್ರಾಂ, ಕಿಲೋಗೆ 0.8 ಮಿಲಿಗ್ರಾಂ, ಮೂರೂ ಒಂದೇ. ಅವಸರದಲ್ಲಿ 80 ಅನ್ನು ಕಿಲೋ ಲೆಕ್ಕ ಎಂದು ಓದಿದರೆ ಮಿತಿ ತಲುಪಿದ ಮಾಲು ಸಂತೆಗೆ ಹೋಗುತ್ತದೆ.

ಪತ್ತೆಯ ಕನಿಷ್ಠ ಮಟ್ಟ ಎಷ್ಟು ಎಂದು ಬರೆದಿದೆಯಾ ನೋಡಿ. ಯಾವ ಯಾವ ವಿಷಗಳನ್ನು ಹುಡುಕಿದರು ಎಂಬ ಪಟ್ಟಿ ಕೇಳಿ. ಕೊನೆಯದಾಗಿ, ಸ್ಯಾಕ್ಸಿಟಾಕ್ಸಿನ್ ಲೆಕ್ಕವನ್ನು ಡೈಹೈಡ್ರೋಕ್ಲೋರೈಡ್ (ಲವಣ) ರೂಪದಲ್ಲಿ ಕೊಟ್ಟಿದ್ದಾರಾ, ಬರೀ ಬೇಸ್ ರೂಪದಲ್ಲಾ ಎಂದು ವಿಚಾರಿಸಿ. ಬೇಸ್‌ನ ಅಣುತೂಕ ಸುಮಾರು 299, ಡೈಹೈಡ್ರೋಕ್ಲೋರೈಡ್‌ನದು 372. ಮಿತಿಯನ್ನು ಡೈಹೈಡ್ರೋಕ್ಲೋರೈಡ್ ಲೆಕ್ಕದಲ್ಲಿ ಹಿಡಿಯುವುದು ವಾಡಿಕೆ. ಬೇಸ್ ಲೆಕ್ಕದಲ್ಲಿ 700 ಎಂದು ಬಂದ ಮಾದರಿ, ಸರಿಯಾಗಿ ಪರಿವರ್ತಿಸಿದರೆ ಸುಮಾರು 870 ಆಗುತ್ತದೆ. ಅದು ಮಿತಿ ದಾಟಿದ ಮಾಲು.